‘ಡೆಲ್ಕೋ’ ಅಂತಲೇ ಬರೆಯಲಾ, ಕನ್ನಡ ಪದ ಹುಡುಕಲಾ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಹಳೇ ಪದ್ಮಿನಿ ಕಾರು ಈಗ ತಮ್ಮನ ಮಗನ ಕೈಗೆ ಹೋಗುತ್ತಿದೆ. ದಾರಿಯಲ್ಲಿ ನಿಂತರೆ ಏನೇನು ನೋಡಬೇಕು ಅಂತ ಅವನಿಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡೋಣ ಅಂತ ಕೂತೆ. ಎರಡನೇ ಸಾಲಿಗೇ ಪೆನ್ನು ನಿಂತಿತು. ನಿಲ್ಲಿಸಿದ ಪದ ‘ಡೆಲ್ಕೋ’.

ವೋಲ್ಟೇಜ್ ಏರಿಸುವ ತಂತಿಸುರುಳಿ, ಅಂದರೆ ಕಾಯಿಲ್‌ನಿಂದ ಬಂದ ಕರೆಂಟನ್ನು, ಎಂಜಿನ್ ಒಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್‌ಗಳಿಗೆ ಸರದಿ ಪ್ರಕಾರ ಹಂಚುವ ಡಬ್ಬಿ ಅದು. ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್. ಹುಬ್ಬಳ್ಳಿಯಲ್ಲಿ ನಾನು ಕಂಡ ಹಳೇ ಗಾಡಿಯ ಮಿಸ್ತ್ರಿಗಳ ಬಾಯಲ್ಲಿ ಮಾತ್ರ ಆ ಪದ ಕೇಳಿಲ್ಲ. ‘ಡೆಲ್ಕೋ ಬಿಚ್ಚು’, ‘ಡೆಲ್ಕೋ ಕ್ಯಾಪ್ ಸೀಳೈತಿ’, ಅಷ್ಟೇ.

ಡೆಲ್ಕೋ ಅಸಲಿಗೆ ಅಮೆರಿಕದ ಒಂದು ಕಂಪನಿ. ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ 1909ರಲ್ಲಿ ಕಟ್ಟಿದ ‘ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ’. ಡೇಟನ್ ಅನ್ನೋದು ಊರಿನ ಹೆಸರು. ಮೊದಲಕ್ಷರ ಕೂಡಿಸಿದರೆ ಡೆಲ್ಕೋ. ನಮ್ಮ ಕಾರಿನ ಡೆಲ್ಕೋ ಮೇಲೆ ಇರುವುದು ಬೇರೆಯೇ ಕಂಪನಿಯ ಹೆಸರು! ವನಸ್ಪತಿ ತುಪ್ಪವೆಲ್ಲ ಡಾಲ್ಡಾ ಆದ ಹಾಗೆ. ಕಾರಿನ ಕತೆಯೂ ಅದೇ ಅಲ್ವಾ? ಹೆಸರು ಪದ್ಮಿನಿ, ಓಣಿಯವರಿಗೆಲ್ಲ ಇವತ್ತಿಗೂ ಅದು ಫಿಯಾಟ್.

ಕನ್ನಡ ಪದ ಮಾಡಲು ನೋಡಿದೆ. ‘ವಿತರಕ’ ಅಂದರೆ ಸಿನಿಮಾ ಹಂಚುವವನು, ಇಲ್ಲವೇ ಗ್ಯಾಸ್ ಏಜೆನ್ಸಿಯವನು. ‘ಹಂಚುಕ’ ಅಂದರೆ ನಮ್ಮ ಕಡೆ ರೊಟ್ಟಿ ಬೇಯಿಸುವ ಹಂಚೇ ಕಣ್ಣ ಮುಂದೆ ಬರುತ್ತದೆ. ಎರಡನ್ನೂ ಕೈಬಿಟ್ಟೆ.

ಇನ್ನೊಂದು ತೊಡಕು ‘ಕಂಡೆನ್ಸರ್’. ಹೋದ ತಿಂಗಳು ಧಾರವಾಡದಿಂದ ಬರುವಾಗ ನವಲೂರಿನ ಹತ್ತಿರ ಗಾಡಿ ಕುಂಟತೊಡಗಿತು, ಆಮೇಲೆ ನಿಂತೇ ಬಿಟ್ಟಿತು. ಕಾಲು ಗಂಟೆ ಆರಿದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಚಾಲೂ ಆಯಿತು. ಉಣಕಲ್ ದಾಟುವಷ್ಟರಲ್ಲಿ ಮತ್ತೆ ಬಂದ್. ಮಿಸ್ತ್ರಿ ಬಂದು ಡೆಲ್ಕೋ ಕ್ಯಾಪ್ ತೆಗೆದು, ನನಗೆ ಸೆಲ್ಫ್ ಹೊಡೆಯಲು ಹೇಳಿದ. ಒಳಗೆ ತೆರೆದು ಮುಚ್ಚುತ್ತ ಕಾಯಿಲ್‌ನ ಕರೆಂಟು ಕಡಿಯುವ ಪುಟ್ಟ ಸ್ವಿಚ್ಚೇ ಪಾಯಿಂಟ್. ಅದು ತೆರೆದಾಗೆಲ್ಲ ಅದರ ನಡುವೆಯೇ ದಪ್ಪ ಕಿಡಿ ಚಟಚಟ ಅಂತಿತ್ತು. ಪಾಯಿಂಟ್ ಮುಖ ಸುಟ್ಟು ಕುಳಿ ಬಿದ್ದಿತ್ತು. ‘ಕಿಡಿ ಪ್ಲಗ್ಗಿನ್ಯಾಗ ಬೀಳಬೇಕ್ರಿ ಸರ, ಇಲ್ಲೇ ಬೀಳಾಕತ್ತೈತಿ. ಕಂಡೆನ್ಸರ್ ಹೋಗೈತಿ’ ಅಂದ.

ಕಂಡೆನ್ಸರ್ ಮಾಡೋ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನಗಂತೂ ಹೇಳಲು ಬರಲ್ಲ. ಪಾಯಿಂಟ್ ತೆರೆದ ಕೂಡಲೇ ಅಲ್ಲಿ ಕಿಡಿ ಹಾರದಂತೆ ಅದು ತಡೆಯುತ್ತದೆ. ಆಗ ಕಾಯಿಲ್‌ನಲ್ಲಿ ಕರೆಂಟು ತಟ್ಟನೆ ಕಡಿದು, ಬ್ಯಾಟರಿಯ 12 ವೋಲ್ಟ್ ಸಾವಿರಗಟ್ಟಲೆ ವೋಲ್ಟ್ ಆಗಿ ಪ್ಲಗ್‌ಗೆ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಇದು ಕೆಪ್ಯಾಸಿಟರ್, ಕನ್ನಡದಲ್ಲಿ ‘ಧಾರಕ’. ಆದರೆ ಹುಡುಗ ಅಂಗಡಿಗೆ ಹೋಗಿ ಧಾರಕ ಕೊಡಿ ಅಂದರೆ ಯಾರು ಕೊಡುತ್ತಾರೆ? ಬರೀ ಕಂಡೆನ್ಸರ್ ಅಂದರೂ ಕಷ್ಟವೇ, ಸೀಲಿಂಗ್ ಫ್ಯಾನಿನದು ಕೈಗೆ ಬಂದೀತು. ‘ಫಿಯಾಟ್ ಪಾಯಿಂಟ್ ಕಂಡೆನ್ಸರ್’ ಅಂತ ಪೂರ್ತಿ ಹೇಳಬೇಕು. ಹಾಗೇ ಬರೆದಿದ್ದೇನೆ.

ಕಡೆಯದು ‘ಮಿಸ್ಸಿಂಗ್ ಹೊಡಿಯೋದು’. ನಾಲ್ಕರಲ್ಲಿ ಒಂದು ಸಿಲಿಂಡರ್ ಉರಿಯದೆ ಗಾಡಿ ಜಗ್ಗಾಡಿದರೆ ‘ಮಿಸ್ಸಿಂಗ್ ಹೊಡಿಯಾಕತ್ತೈತಿ’ ಅಂತಾರೆ. ಹಾರ್ನ್ ಹೊಡಿ, ಗಾಳಿ ಹೊಡಿ, ಸೆಲ್ಫ್ ಹೊಡಿ, ಕೊನೆಗೆ ಆಗದೇ ಇರೋ ಉರಿಗೂ ‘ಹೊಡಿ’. ಹೊಡೆತ ತಪ್ಪಿದ್ದನ್ನೇ ಹೊಡೆಯುವುದು ಅಂದ ಈ ಬಳಕೆ ನನಗೆ ಬಹಳ ಹಿಡಿಸಿದೆ, ಬದಲಿಸಲು ಮನಸ್ಸಿಲ್ಲ.

ಈಗ ನನ್ನ ಪ್ರಶ್ನೆ. ಮೈಸೂರು, ಮಂಗಳೂರು, ಬಳ್ಳಾರಿ ಕಡೆಯ ಗ್ಯಾರೇಜುಗಳಲ್ಲೂ ಡೆಲ್ಕೋ ಅಂತಲೇ ಅನ್ನುತ್ತಾರಾ? ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಮತ್ತೆ, ‘ಡೆಲ್ಕೋದ ಕ್ಯಾಪ್’ ಅಂತ ಬರೆಯಬೇಕಾ, ‘ಡೆಲ್ಕೋವಿನ ಕ್ಯಾಪ್’ ಅಂತಲಾ? ಮಿಸ್ತ್ರಿಯನ್ನು ಕೇಳಿದೆ. ‘ಡೆಲ್ಕೋ ಕ್ಯಾಪ್ ಅನ್ರಿ, ನಡುವ ಏನೂ ಬ್ಯಾಡ’ ಅಂದ.