ಆರ್‌ಸಿಬಿಗೆ 7 ಕೋಟಿ ಅಯ್ಯರ್ ಬಂದ ಮ್ಯಾಲೆ 2 ಕೋಟಿ ಪಡಿಕ್ಕಲ್ ಎಲ್ಲಿ ಕೂಡಬೇಕ್ರಿ?

ಬೆಲ್ಲದ ಗುಮಾಸ್ತ (ಮಹಾಲಿಂಗಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಮಹಾಲಿಂಗಪುರದಾಗ ಒಂದು ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಂವ. ಇಪ್ಪತ್ತೊಂದು ವರ್ಷದಿಂದ ಬೆಲ್ಲದ ಸವಾಲು (ಹರಾಜು) ನೋಡ್ಕೋತ ಬಂದೀನಿ. ಕ್ರಿಕೆಟ್ ನನಗ ಅಷ್ಟಕ್ಕಷ್ಟ. ಆದ್ರ ಸವಾಲಿನ್ಯಾಗ ಯಾರು ಕೈ ಸುಟ್ಕೊಳ್ತಾರ, ಯಾರು ಉಳೀತಾರ ಅನ್ನೋದು ಮುಖಾ ನೋಡಿ ಹೇಳ್ತೀನಿ.

2024ರ ನವೆಂಬರದಾಗ ಜೆಡ್ಡಾದಾಗ ಐಪಿಎಲ್ ಹರಾಜು ನಡದಾಗ ಮಂದಿ ನಮ್ಮ ಬೆಂಗಳೂರು ಆರ್‌ಸಿಬಿ ತಂಡ ಕಟ್ಟೋ ಮೋ ಬೊಬಾಟ್‌ಗ, ಕೋಚ್ ಆ್ಯಂಡಿ ಫ್ಲವರ್‌ಗ ಎಷ್ಟು ಬೈದ್ರು ನೆನಪೈತೇನ್ರಿ? 83 ಕೋಟಿ ತಗೊಂಡು ಹೋದವರು ಮೊದಲನೇ ದಿನ ಆರು ಮಂದಿನ್ನ ಅಷ್ಟ ಹಿಡದು, 30 ಕೋಟಿ 65 ಲಕ್ಷ ಹಂಗ ಉಳಿಸ್ಕೊಂಡು ಹೊಳ್ಳಿ ಬಂದ್ರು. ನಾನೂ ಬೈದೆ. ಮರುದಿನ ತಿಳೀತು. ನಮ್ಮ ಯಾರ್ಡಿನಾಗೂ ಹಿಂಗ. ಹೊಸಾ ಖರೀದಿದಾರ ಮುಂಜಾನೆ ಮೊದಲನೇ ರಾಶಿಗೇ ಹಾರತಾನ. ಹಳೇ ಹುಲಿ ಚಾ ಕುಡಕೋತ ಕುಂತಿರ್ತಾನ, ಉಳದವರ ಕಿಸೆ ಖಾಲಿ ಆದ ಮ್ಯಾಲೆ ಏಳ್ತಾನ. ಎರಡನೇ ದಿನ ಭುವನೇಶ್ವರ ಕುಮಾರ್ 10.75 ಕೋಟಿ, ಕೃಣಾಲ್ 5.75, ಟಿಮ್ ಡೇವಿಡ್ ಬರೇ 3, ಶೆಫರ್ಡ್ ಒಂದೂವರೆ. 2025ರ ಜೂನ್ 3ಕ್ಕ ಅಹಮದಾಬಾದಿನ ಫೈನಲ್‌ದಾಗ ಪಂಜಾಬ್ ನಮ್ಮ ಮುಂದ 6 ರನ್ನಿಂದ ಸೋತಿತಲ್ಲ, ಅವತ್ತು 4 ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತಾಂವ ಅದ ಕೃಣಾಲ್. ಎರಡನೇ ದಿನದ ಮಾಲು!

ಈಗ ನನ್ನ ತಕರಾರು. ಅದ ಜೆಡ್ಡಾದಾಗ ವೆಂಕಟೇಶ ಅಯ್ಯರ್ ಸಲುವಾಗಿ ನಮ್ಮವರು 23.50 ಕೋಟಿ ತನಕ ಕೂಗಿದ್ರು. ಕೋಲ್ಕತ್ತಾದವರು 23.75ಕ್ಕ ಕಟ್ಕೊಂಡ್ರು, ನಾವು ಬಚಾವ್ ಆದೆವು. ಆ ಹುಡುಗ ಹನ್ನೊಂದು ಮ್ಯಾಚಿನ್ಯಾಗ 142 ರನ್ ಮಾಡಿದ. ಅವರು ಬಿಟ್ರು. 2025ರ ಡಿಸೆಂಬರ್ 16ಕ್ಕ ಅಬುಧಾಬಿ ಹರಾಜಿನೊಳಗ ನಮ್ಮವರು ಅವನ್ನ 7 ಕೋಟಿಗೆ ತಂದ್ರು. ಕೈಯಾಗ ಇದ್ದದ್ದು ಒಟ್ಟು 16.40 ಕೋಟಿ, ಅದರಾಗ 7 ಒಬ್ಬಗ.

ನನಗ ಗೊತ್ತಿರೋದು ಬೆಲ್ಲ. ಹೋದ ವರ್ಷ ಕೈ ತಪ್ಪಿದ ಬೆಲ್ಲ ಈ ವರ್ಷ ಮೂರರಾಗ ಒಂದು ಪಾಲಿಗೆ ಸಿಕ್ರ ಎರಡು ಮಾತು. ಒಂದೋ ಪೇಟಿ ರೇಟು ಬಿದ್ದೈತಿ, ಇಲ್ಲಾ ಬೆಲ್ಲ ನೀರು ಬಿಟ್ಟೈತಿ. ಮ್ಯಾಲೆ ಬಂಗಾರದಂಥ ಬಣ್ಣ ಇದ್ರ ಪೌಡರ್ ಹಾಕ್ಯಾರ ಅಂತ ತಿಳ್ಕೋಬೇಕು. ಪೆಂಟಿ (ಬೆಲ್ಲದ ಉಂಡಿ) ಒಡದು ಬಾಯಾಗ ಹಾಕ್ಕೊಂಡ್ರಷ್ಟ ಖರೇ ರುಚಿ. ಇವನ್ನ ಯಾರು ಒಡದು ನೋಡ್ಯಾರ?

ಅದಕ್ಕಿಂತ ಹೆಚ್ಚಿಂದು, ಪಡಿಕ್ಕಲ್. 2 ಕೋಟಿಗೆ ಬಂದು, ಮೂರನೇ ನಂಬರಿಗೆ 247 ರನ್ ಹೊಡದು, ತೊಡಿ ಹಿಡ್ಕೊಂಡು ಹೊರಗ ಹೋದಾಂವ. ಈಗ ಅವನ ಜಾಗಾದಾಗ ಅಯ್ಯರ್ ಕುಂತ್ರ? ತಿಳದವರು ಹೇಳ್ರಿ.

ಗುಮ್ಮಟದ ದನಿ (ವಿಜಯಪುರ)

ಅಣ್ಣಾರ, ನೀವು ರೇಟಿನ ಲೆಕ್ಕ ಮಾಡ್ಲಿಕತ್ತೀರಿ, ನನಗ ಹೊಟ್ಟಿ ಉರೀತದ. ಕನ್ನಡದ ಹುಡುಗರ ಪಟ್ಟಿ ಬರೀರಿ ಒಮ್ಮೆ. ರಾಹುಲ್‌ಗ ಹರಾಜಿನ್ಯಾಗ ಶುರುವಿಗೆ ಕೂಗಿ ಆಮ್ಯಾಲೆ ಕೈ ಬಿಟ್ರು, ದೆಹಲಿ 14 ಕೋಟಿಗೆ ಒಯ್ತು. ಏಪ್ರಿಲ್ 10ಕ್ಕ ಚಿನ್ನಸ್ವಾಮಿಗೇ ಬಂದು ನಾಟೌಟ್ 93 ಹೊಡದು, ಬ್ಯಾಟಿನಿಂದ ನೆಲದ ಮ್ಯಾಲೆ ಗೆರಿ ಕೊರದು 'ಇದು ನನ್ನ ಜಾಗಾ' ಅಂತ ತೋರ್ಸಿದ. ನಮ್ಮ ಮನ್ಯಾಗ ಟಿವಿ ಬಂದ್ ಮಾಡಿದ್ವಿ. ಪ್ರಸಿದ್ಧ ಕೃಷ್ಣ ಗುಜರಾತಿಗೆ ಹೋಗಿ 25 ವಿಕೆಟ್ ತಗೊಂಡು ಪರ್ಪಲ್ ಕ್ಯಾಪ್ (ಎಲ್ಲಾರಿಗಿಂತ ಹೆಚ್ಚು ವಿಕೆಟ್ ತಗೊಂಡಾಂವನ ಟೊಪಿಗಿ) ಹಾಕ್ಕೊಂಡ. ವೈಶಾಖ 1.80 ಕೋಟಿಗೆ ಪಂಜಾಬಿಗೆ ಹೋದ. ರಾಯಚೂರಿನ ಮನೋಜ ಭಾಂಡಗೆ ಇದ್ದದ್ದು 30 ಲಕ್ಷಕ್ಕ, ಅವನ್ನೂ ಈ ಸಲ ಬಿಟ್ಟಾರ.

ಬದ್ಲಿಗೆ ಬಂದವರು? ಮಧ್ಯಪ್ರದೇಶದ ಅಯ್ಯರ್, ಮಧ್ಯಪ್ರದೇಶದ ಮಂಗೇಶ ಯಾದವ್. ಕ್ಯಾಪ್ಟನ್ ಪಾಟಿದಾರನೂ ಅಲ್ಲಿಯಾಂವನ. ಮಂಗೇಶಗ 5.20 ಕೋಟಿ! ಟನ್ ಕಬ್ಬಿಗೆ 3,300 ಅನಸ್ಕೊಳ್ಳಾಕ ರೈತರು ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನಾಗ ದಿನಗಟ್ಲೆ ರಸ್ತೆ ಮ್ಯಾಲೆ ಕುಂತಿದ್ರು, ಇಲ್ಲಿ ನೋಡಿದ್ರ ಬೆರಳು ಎತ್ತಿದ್ರ ಕೋಟಿ.

ಇನ್ನ ಸಿರಾಜ್ ವಿಷಯ. ಅವ ಕನ್ನಡದಾಂವ ಅಲ್ಲ, ಆದ್ರ ಏಳು ವರ್ಷ ನಮ್ಮಾಂವ ಆಗಿದ್ದ. ಗುಜರಾತಿನ ಅಂಗಿ ಹಾಕ್ಕೊಂಡು ಬಂದು 19 ರನ್ನಿಗೆ ನಮ್ಮ ಮೂರು ವಿಕೆಟ್ ಕಿತ್ಕೊಂಡು ಹೋದ. ಕಪ್ ಬಂದದ, ಒಪ್ತೀನಿ. ಸಿಟ್ಟು ಹೋಗಿಲ್ಲ.

ಆಫ್ ಸ್ಪಿನ್ ಅಡ್ಡಾ (ಬೆಳಗಾವಿ)

ಗುಮಾಸ್ತ ಕಾಕಾ, ನಿಮ್ಮ ಪ್ರಶ್ನೆನ ಸ್ವಲ್ಪ ಓರೆ ಐತಿ. ಅಯ್ಯರ್ ಪಡಿಕ್ಕಲ್‌ನ ಕುರ್ಚಿಗೆ ಬಂದಿಲ್ಲ, ಲಿವಿಂಗ್‌ಸ್ಟನ್ ಬಿಟ್ಟು ಹೋದ ಕುರ್ಚಿಗೆ ಬಂದಾನ.

ನೋಡ್ರಿ. ಹನ್ನೊಂದರಾಗ ವಿದೇಶದವರು ನಾಕ ಮಂದಿ. ಸಾಲ್ಟ್, ಡೇವಿಡ್, ಹೇಜಲ್‌ವುಡ್ ಪಕ್ಕಾ. ನಾಕನೇದಕ್ಕ ಲಿವಿಂಗ್‌ಸ್ಟನ್ ಇಲ್ಲಾ ಶೆಫರ್ಡ್ ಅಂತ ಇಡೀ ಸೀಸನ್ ಎಳದಾಡಿದ್ರು. ಲಿವಿಂಗ್‌ಸ್ಟನ್ 8.75 ಕೋಟಿಗೆ ಕೊಟ್ಟದ್ದು 112 ರನ್. (ಫೈನಲ್‌ದಾಗ 15 ಬಾಲಿಗೆ 25 ಹೊಡದಾನ, ಅದನ್ನ ಮರೀಬ್ಯಾಡ್ರಿ, ಆ 25 ಇಲ್ದ ಇದ್ರ 6 ರನ್ನಿಂದ ಗೆಲ್ಲೋದು ಎಲ್ಲಿತ್ತು.) ಈಗ ನಡು ಬ್ಯಾಟಿಂಗಿಗೆ ಭಾರತದ ಹುಡುಗ ಬಂದ್ರ ವಿದೇಶದ ಒಂದು ಜಾಗಾ ಖುಲ್ಲಾ. ಬೆಥೆಲ್‌ನ ಆಡಸ್ಬಹುದು, ಹೇಜಲ್‌ವುಡ್ ಗಾಯ ಮಾಡ್ಕೊಂಡ್ರ 2 ಕೋಟಿಗೆ ತಂದ ಫಾಸ್ಟ್ ಬೌಲರ್ ಡಫಿ ಅದಾನ. 7 ಕೋಟಿ ಕೊಟ್ಟದ್ದು ಅಯ್ಯರ್‌ಗ ಅಲ್ರಿ, ಆ ಖಾಲಿ ಜಾಗಾಕ್ಕ.

ಮ್ಯಾಚಿನ ನಡುವ ಒಬ್ಬನ ಬದ್ಲಿಗೆ ಇನ್ನೊಬ್ಬನ್ನ ಇಳಸೋ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬ್ಯಾರೆ ಐತಿ. ಚೇಸ್ ಮಾಡೂಮುಂದ ಸ್ಪಿನ್ನರ್ ಸುಯಶ್ ಹೊರಗ, ಒಬ್ಬ ಬ್ಯಾಟ್ಸ್‌ಮನ್ ಒಳಗ. ಪಡಿಕ್ಕಲ್, ಅಯ್ಯರ್ ಇಬ್ರೂ ಆಡ್ತಾರ.

ನನ್ನ ಅಂಜಿಕಿ ಬ್ಯಾರೆ. ಪಡಿಕ್ಕಲ್, ಅಯ್ಯರ್, ಕೃಣಾಲ್ ಮೂವರೂ ಎಡಗೈ ಬ್ಯಾಟಿನವರು. ಆಫ್ ಸ್ಪಿನ್ ಬಾಲ್ ಎಡಗೈಯವರಿಂದ ಹೊರಗ ತಿರಗತೈತಿ, ಆಡೋದು ಕಷ್ಟ. ನಾ ಟಿಳಕವಾಡಿ ಕ್ಲಬ್ಬಿನಾಗ ಹದಿನಾಲ್ಕು ವರ್ಷ ಆಫ್ ಸ್ಪಿನ್ ಹಾಕೀನಿ, ದೊಡ್ಡ ಬೌಲರ್ ಏನಲ್ಲ. ಆದ್ರ ಎಡಗೈಯವರು ಸಾಲಾಗಿ ಬಂದ್ರ ನನ್ನಂಥಾವನ ಕೈಯಿಂದ್ಲೂ ಕ್ಯಾಪ್ಟನ್ ಬಾಲ್ ಕಸಕೋತಿರ್ಲಿಲ್ಲ. ಬೊಬಾಟ್ ಸಾಹೇಬ್ರು ಇದಕ್ಕೇನು ಮಾಡ್ತಾರ ನೋಡಬೇಕು.

ಶಹಾಪುರದ ಹುಡುಗ (ಈಗ ಬೋಸ್ಟನ್)

ನಾನು ಬೆಳಗಾವಿ ಶಹಾಪುರದವನು, ಇಲ್ಲಿಗೆ ಬಂದು ಒಂಬತ್ತು ವರ್ಷ. ವಿಜಯಪುರದ ಅಣ್ಣನ ಸಿಟ್ಟು ಓದಿ ನಗು ಬಂತು. ಇಲ್ಲಿ ಬೇಸ್‌ಬಾಲ್‌ಗೆ ಹರಾಜೇ ಇಲ್ಲ. ಕರಾರು ಮುಗಿದವನು ತನಗೆ ಬೇಕಾದ ತಂಡಕ್ಕೆ ಸಹಿ ಹಾಕ್ತಾನೆ, ಮುಗಿಯದವನನ್ನ ತಂಡಗಳೇ ಅದಲುಬದಲು ಮಾಡ್ಕೊಳ್ತವೆ. ಚಳಿಗಾಲ ಪೂರ್ತಿ ಅದೇ ಮಾತು, ಅದೇ ಬೈಗುಳ.

2018ರಲ್ಲಿ ನಮ್ಮ ಬೋಸ್ಟನ್‌ನ ರೆಡ್ ಸಾಕ್ಸ್ ತಂಡಕ್ಕೆ ವಿಶ್ವ ಸರಣಿ (ಬೇಸ್‌ಬಾಲ್‌ನ ದೊಡ್ಡ ಕಪ್) ಗೆಲ್ಲಿಸಿದ ಮೂಕಿ ಬೆಟ್ಸ್, ಅದೇ ವರ್ಷ ತನ್ನ ಲೀಗಿನ ಅತ್ಯುತ್ತಮ ಆಟಗಾರ. ಕರಾರಿನಲ್ಲಿ ಇನ್ನೊಂದು ವರ್ಷ ಇರುವಾಗಲೇ, 2020ರ ಫೆಬ್ರವರಿಯಲ್ಲಿ ಅವನನ್ನ ಲಾಸ್ ಏಂಜಲೀಸ್‌ನ ಡಾಜರ್ಸ್‌ಗೆ ಕಳಿಸಿಬಿಟ್ಟರು. ಅದೇ ವರ್ಷ ಡಾಜರ್ಸ್ ಗೆದ್ದರು. ನಮ್ಮ ಬೀದಿಯ ಮುದುಕ ಒಬ್ಬ ಇನ್ನೂ ಬೆಟ್ಸ್ ಹೆಸರಿನ ಹಳೆ ಅಂಗಿ ಹಾಕ್ಕೊಂಡೇ ಕಸ ಹೊರಗಿಡ್ತಾನೆ. ಆಗ ತಂಡ ಕಟ್ಟುತ್ತಿದ್ದ ಚೈಮ್ ಬ್ಲೂಮ್‌ನ 2023ರ ಸೆಪ್ಟೆಂಬರ್‌ನಲ್ಲಿ ತೆಗೆದರು. ನಿಮಗೆ ಸಿರಾಜ್‌ನ ಬಿಟ್ಟ ಮುಂದಿನ ಸೀಸನ್‌ಗೇ ಕಪ್ ಬಂತಲ್ಲ, ಅಷ್ಟರಮಟ್ಟಿಗೆ ಬೊಬಾಟ್ ಪುಣ್ಯವಂತ.

ಬೆಲ್ಲದ ಗುಮಾಸ್ತ (ಮಹಾಲಿಂಗಪುರ)

ಆಫ್ ಸ್ಪಿನ್ ತಮ್ಮಾ, ಕುರ್ಚಿ ಮಾತು ತಲಿಗೆ ಹೊಕ್ಕಿತು. ನಾ ರಾಶಿ ನೋಡ್ಕೋತ ಕುಂತಿದ್ದೆ, ನೀ ಗೋಡೌನ್ ನೋಡೀದಿ. ಆದ್ರ ಒಂದು ಮಾತು. ಆ ಲಿವಿಂಗ್‌ಸ್ಟನ್ ಅಬುಧಾಬಿಯೊಳಗ ಮೊದಲ ಸಲ ಕೂಗಿದಾಗ ಯಾರೂ ಬೆರಳು ಎತ್ತಲಿಲ್ಲ. ಆಮ್ಯಾಲೆ ಹೈದರಾಬಾದಿನವರು 13 ಕೋಟಿಗೆ ಒಯ್ದ್ರು. ಮುಂಜಾನೆ ಬ್ಯಾಡಾದ ಮಾಲು ಸಂಜಿಕ ದುಪ್ಪಟ್ಟು ಆಗೋದನ್ನ ನಾ ಯಾರ್ಡಿನಾಗ ಎರಡ ಸಲ ನೋಡೀನಿ. ಎರಡೂ ಸಲ ತಗೊಂಡಾಂವ ಅತ್ತಾನ.

ವಿಜಯಪುರದ ಅಣ್ಣಾರ, ರಾಹುಲ್ ವಿಷಯದಾಗ ನಾ ನಿಮ್ಮ ಕಡೆ. ಸಿರಾಜ್ ವಿಷಯದಾಗ ಅಲ್ಲ. 12.25 ಕೋಟಿ ಅವಗ ಹೋಗಿದ್ರ ಹೇಜಲ್‌ವುಡ್‌ನ 12.50 ಎಲ್ಲಿಂದ ತರೋದಿತ್ತು? ಅವ ಹನ್ನೆರಡು ಮ್ಯಾಚಿಗೆ 22 ವಿಕೆಟ್ ಕೊಟ್ಟಾನ.

ಮಂಗೇಶನ 5.20 ನನಗೂ ತಿಳಿದಿಲ್ಲ. ಅಷ್ಟಕ್ಕ ಹಿಡಿಬೇಕಂದ್ರ ಯಾರೋ ಅವನ ಪೆಂಟಿ ಒಡದು ನೋಡಿರಬೇಕು.

ಗುಮ್ಮಟದ ದನಿ (ವಿಜಯಪುರ)

ಹೇಜಲ್‌ವುಡ್ ಲೆಕ್ಕ ಒಪ್ಪಿದೆ ಅಣ್ಣಾರ. ಆದ್ರ ಮೊದಲ ಮ್ಯಾಚಿಗೆ ಪಡಿಕ್ಕಲ್ ಹನ್ನೊಂದರಾಗ ಇಲ್ದ ಇದ್ರ ಇಲ್ಲಿಗೇ ಬಂದು ಬೈತೀನಿ. ಈಗ್ಲೇ ಹೇಳಿಟ್ಟೀನಿ.

ಬೆಲ್ಲದ ಗುಮಾಸ್ತ (ಮಹಾಲಿಂಗಪುರ)

ಬೈರಿ, ನಾನೂ ಕೂಡ್ಕೋತೀನಿ. ಸವಾಲಿನ ಗಂಟಿ ಹೊಡದ್ರು, ಸಾಹುಕಾರ್ರು ಕರ್ಯಾಕತ್ತಾರ.