ಪುಟ್ಟಿ, ವರ್ಷದ ಮಧ್ಯೆ ಮಾತ್ರ ಬೇಡ ಕಣಮ್ಮ

ಪುಟ್ಟಿ, ಬೆಳಿಗ್ಗೆ ನೀನು ಹಾಕಿದ್ದ ಮೆಸೇಜು ಈಗ ನೋಡಿದೆ. ತೋಟದಲ್ಲಿ ಸಿಗ್ನಲ್ ಇರಲಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಿರುವ ಪಾಪುವನ್ನು ದಸರಾ ರಜೆ ಮುಗಿದ ಮೇಲೆ ಹಾಸನದ ಇಂಗ್ಲಿಷ್ ಮೀಡಿಯಂಗೆ ಹಾಕಬೇಕಾ, ಆ ಶಾಲೆಯವರು ಸೋಮವಾರದೊಳಗೆ ಹೇಳಿ ಅಂದಿದ್ದಾರೆ ಅಂತ ಕೇಳಿದ್ದೀಯ. ನನಗೆ ಟೈಪು ಮಾಡಿದರೆ ಕಣ್ಣು ಉರಿಯುತ್ತೆ, ಅದಕ್ಕೇ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆಗುತ್ತೆ. ಒಲೆ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಕೇಳು.

ಮೊದಲು ಒಂದು ಮಾತು. ವರ್ಷದ ಮಧ್ಯೆ ಮಗುವನ್ನು ಎಬ್ಬಿಸಬೇಡ. ಸೇರಿಸೋದೇ ಆದರೆ ಜೂನಿನಲ್ಲಿ ಸೇರಿಸು.

ನಮ್ಮ ಚಿಕ್ಕ ಮಗನದು ನಿನಗೆ ಗೊತ್ತೇ ಇದೆ. ಆಗ ನೀನಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದೆ, ಪೂರ್ತಿ ಗೊತ್ತಿರಲಿಕ್ಕಿಲ್ಲ. ಅವನು ಆರನೇ ಕ್ಲಾಸು. ನಿಮ್ಮ ಹಾಸನದ ದೊಡ್ಡಪ್ಪ ಹಬ್ಬಕ್ಕೆ ಬಂದವರು, ಹುಡುಗ ಚುರುಕಿದ್ದಾನೆ, ಇಲ್ಲೇ ಕೊಳೆಸುತ್ತೀರಾ ಅಂತ ಜಗಲಿ ಮೇಲೆ ಕೂತು ಶುರು ಮಾಡಿದರು. ನಾನು ಅಡುಗೆ ಮನೆಯಿಂದಲೇ ಬೇಡ ಅಂದೆ. ಅಣ್ಣನ ಮಾತಿಗೆ ನಿಮ್ಮ ಚಿಕ್ಕಪ್ಪ ಯಾವತ್ತು ಎದುರು ಹೇಳಿದ್ದಾರೆ! ನವೆಂಬರಿನಲ್ಲಿ ಟ್ರಂಕು ಕಟ್ಟಿ ದೊಡ್ಡಪ್ಪನ ಮನೆಗೇ ಕಳಿಸಿದ್ದಾಯಿತು. ಶಾಲೆ ಹೆಸರು ಬೇಡ ಬಿಡು.

ಅಲ್ಲಿ ಅರ್ಧ ಪಾಠ ಮುಗಿದಿತ್ತು. ಮಕ್ಕಳೆಲ್ಲ ಜೋಡಿ ಜೋಡಿಯಾಗಿ ಗೆಳೆತನ ಮಾಡಿಕೊಂಡಿದ್ದರು. ಇವನಿಗೆ ಕೊನೆ ಬೆಂಚು. ಮೊದಲ ವಾರ ಹೊರಗೆ ಹೋಗಬೇಕು ಅಂತ ಕನ್ನಡದಲ್ಲಿ ಕೇಳಿದನಂತೆ. ಇಂಗ್ಲಿಷಲ್ಲಿ ಕೇಳು ಅಂತ ಮೇಡಂ ನಿಲ್ಲಿಸಿದರಂತೆ, ಕ್ಲಾಸೆಲ್ಲ ನಕ್ಕಿತಂತೆ. ಅವತ್ತಿಂದ ಹುಡುಗ ಶಾಲೆಯಲ್ಲಿ ನೀರು ಕುಡಿಯೋದೇ ಬಿಟ್ಟ. ನೀರು ಕುಡಿದರೆ ತಾನೇ ಎದ್ದು ಕೇಳಬೇಕು! ಬೆಳಿಗ್ಗೆ ತುಂಬಿದ ಬಾಟಲಿ ಸಂಜೆ ತುಂಬಿಕೊಂಡೇ ಬರುತ್ತಿತ್ತು. ಆ ಮನೆಯಲ್ಲಿ ಅದನ್ನು ಯಾರೂ ನೋಡಲಿಲ್ಲ. ಸಂಕ್ರಾಂತಿಗೆ ಮನೆಗೆ ಬಂದಾಗ ಜ್ವರ, ಉರಿಮೂತ್ರ, ಮುಖ ಸಣ್ಣಗಾಗಿತ್ತು. ಬೇಲೂರಿನಲ್ಲಿ ಡಾಕ್ಟರು ಏನಪ್ಪಾ ನೀರು ಕುಡಿಯಲ್ವಾ ಅಂತ ಕೇಳಿದಾಗ ಅವರ ಮುಂದೆ ಬಾಯಿ ಬಿಟ್ಟ. ನನ್ನ ಹತ್ತಿರ ಹೇಳಿರಲಿಲ್ಲ.

ವಾಪಸ್ ಕರೆದುಕೊಂಡು ಬರೋಣ ಅಂದರೆ ವರ್ಷದ ಪೂರ್ತಿ ಫೀಸು ಕಟ್ಟುವವರೆಗೆ ಟಿಸಿ ಕೊಡಲ್ಲ ಅಂದರು. ಆ ವರ್ಷದ ಮೆಣಸಿನ ದುಡ್ಡು ಅಲ್ಲಿಗೇ ಹೋಯಿತು. ಇಲ್ಲಿಯ ಹೆಡ್ ಮಾಸ್ಟರು ಒಳ್ಳೆಯವರು, ಟಿಸಿ ಬರುವ ಮುಂಚೆಯೇ ಬಂದು ಕೂತುಕೋ ಅಂದರು. ಅದಕ್ಕೇ ಮತ್ತೆ ಹೇಳುತ್ತೇನೆ, ವರ್ಷದ ಮಧ್ಯೆ ಬೇಡ. ಸೋಮವಾರದೊಳಗೆ ಹೇಳಿ ಅನ್ನೋದು ಅವರ ಅವಸರ, ನಿನ್ನದಲ್ಲ.

ಇನ್ನೊಂದು. ಮಗು ಹಾಸನದಲ್ಲಿ ಯಾರ ಮನೆಯಲ್ಲಿರುತ್ತೆ? ದೊಡ್ಡಪ್ಪನ ಮನೆ ಇದೆಯಲ್ಲ ಅಂತ ಅಳಿಯಂದಿರು ಅಂದುಕೊಂಡಿದ್ದರೆ ಈಗಲೇ ಹೇಳಿಬಿಡು. ನಮ್ಮವನು ಇದ್ದಷ್ಟು ದಿನ ಈ ಮನೆಯಿಂದ ಅಕ್ಕಿ ಮೂಟೆ, ಕಾಫಿಪುಡಿ, ಬಾಳೆಗೊನೆ ಎಲ್ಲ ಅರೇಹಳ್ಳಿ ಬಸ್ಸಿಗೆ ಹಾಕಿ ಕಳಿಸಿದ್ದೇನೆ. ಆಮೇಲೆ ನಾಮಕರಣದಲ್ಲಿ ಎಲ್ಲರ ಮುಂದೆ "ಅವರ ಮಗನನ್ನು ನಾವು ಸಾಕಿದ್ವಿ" ಅನ್ನಿಸಿಕೊಂಡೆ. ಆ ಮನೆಯ ಅಕ್ಕ, ನಿನ್ನ ದೊಡ್ಡಮ್ಮನೂ ಈ ಗ್ರೂಪಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಭಾಗದಲ್ಲಿ ಕೆರೆ ಕಡೆ ಗದ್ದೆ ಅವರಿಗೇ ಹೋಯಿತು, ಆಗಲೂ ನಾನು ತುಟಿ ಬಿಚ್ಚಲಿಲ್ಲ. ಈಗ ಗದ್ದೆಯೂ ಬೀಳು. ಕೇಳಿದರೆ ಆಳು ಸಿಗಲ್ವಂತೆ. ನಮಗೆ ಮಾತ್ರ ಆಳು ಸಾಲಾಗಿ ಬಂದು ನಿಂತಿದ್ದಾರಾ? ಇರಲಿ ಬಿಡು, ನಾನೇನು ಹೇಳೋಕೆ ಬಂದೆ…

ಹಾಂ, ಅಸಲು ಮಾತೇ ಮರೆತಿದ್ದೆ! ಪಾಪು ಈಗ ಓದುತ್ತಿರುವುದು ಹಳ್ಳಿ ಶಾಲೆ, ಅದೂ ಕನ್ನಡ ಮೀಡಿಯಂ. ಮುಂದೆ ಇಂಜಿನಿಯರಿಂಗ್ ಅಂಥ ಕೋರ್ಸಿಗೆ ಸೇರೋಕೆ ಸಿಇಟಿ ಪರೀಕ್ಷೆ ಬರೆದಾಗ ಗ್ರಾಮೀಣ ಕೋಟಾ ಅಂತ 100ಕ್ಕೆ 15 ಸೀಟು, ಕನ್ನಡ ಮಾಧ್ಯಮಕ್ಕೆ 5 ಸೀಟು ಇಡುತ್ತಾರೆ. ಗ್ರಾಮೀಣದ್ದಕ್ಕೆ 1ರಿಂದ 10ನೇ ಕ್ಲಾಸಿನವರೆಗೆ ಅಷ್ಟೂ ವರ್ಷ ಹಳ್ಳಿಯಲ್ಲೇ ಓದಿರಬೇಕು, ಕನ್ನಡದ್ದಕ್ಕೆ ಅಷ್ಟೂ ವರ್ಷ ಕನ್ನಡದಲ್ಲೇ ಓದಿರಬೇಕು. ಒಂದು ವರ್ಷ ಪೇಟೆ ಶಾಲೆಗೆ ಹೋಗಿ ಬಂದರೂ ಗ್ರಾಮೀಣ ಕೋಟಾ ಹೋಯಿತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಹೀಗೆ ಓದಿದ್ದಕ್ಕೆ ಸರ್ಟಿಫಿಕೇಟು ಕೇಳುತ್ತಾರೆ. ಪೇಟೆ ಶಾಲೆಯವರು ಇದನ್ನು ಹೇಳಲ್ಲ, ಅವರಿಗೇನು!

ಇಂಗ್ಲಿಷ್ ಬೇಕೇ ಬೇಕು ಅಂದರೆ ಪಂಚಾಯಿತಿ ವ್ಯಾಪ್ತಿಯಲ್ಲೇ ಇರುವ ಶಾಲೆ ಹುಡುಕು. ಆಗ ಕನ್ನಡದ್ದು ಹೋದರೂ ಗ್ರಾಮೀಣದ್ದು ಉಳಿಯುತ್ತೆ, ಮಗುವೂ ಸಂಜೆ ಮನೆಗೆ ಬರುತ್ತೆ. ಆದರೆ ಹಾಸನದ ಅಂಚಿನ ಹಳ್ಳಿಗಳನ್ನು ನಂಬಬೇಡ, ಊರು ಬೆಳೆದ ಹಾಗೆ ನಗರದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಆ ಸರ್ಟಿಫಿಕೇಟಿಗೆ ಕೊನೆಗೆ ಬಿಇಒ, ಅಂದರೆ ಶಿಕ್ಷಣಾಧಿಕಾರಿ ಸಹಿ ಬೇಕು, ಅದಕ್ಕೆ ಸೋಮವಾರ ಬೇಲೂರಿಗೆ ಹೋಗಿ ಅವರ ಆಫೀಸಿನಲ್ಲೇ ವಿಚಾರಿಸು. ಟಿಸಿಗೆ ಹೆದರಬೇಡ. ನಿಮ್ಮ ಸರ್ಕಾರಿ ಶಾಲೆಯವರು ಕೇಳಿದರೆ ಕೊಡುತ್ತಾರೆ. ಆದರೆ ಕೇಳೋಕೆ ಹೋಗಬೇಡ ಈಗ! ಅಡ್ವಾನ್ಸು ಏನಾದರೂ ಕಟ್ಟಿದ್ದೀಯಾ? ಕಟ್ಟಿದ್ದರೆ ರಾತ್ರಿ ಫೋನು ಮಾಡು, ಗ್ರೂಪಲ್ಲಿ ಹಾಕಬೇಡ.