ಒಂದೇ ಸಂಬಳದಲ್ಲಿ ಮನೆ ನಡೀಬೇಕು, ಉಳಿತಾಯ ಎಲ್ಲಿಂದ ಶುರು ಮಾಡ್ಲಿ?

ಮನೆಲೆಕ್ಕ:
ಎಲ್ರಿಗೂ ನಮಸ್ಕಾರ. ಮನೇಲಿ ನಾಲ್ಕು ಜನ ಇದೀವಿ, ನಾನು, ನಮ್ಮನೆಯವ್ರು, ಇಬ್ರು ಮಕ್ಳು. ಮುಂಚೆ ಇಬ್ರೂ ಕೆಲ್ಸಕ್ಕೆ ಹೋಗ್ತಿದ್ವಿ, ಈಗ ಆರು ತಿಂಗ್ಳಿಂದ ಒಂದೇ ಸಂಬಳದಲ್ಲಿ ನಡೀತಿದೆ. ಸಾಲ ಅಂತ ಏನಿಲ್ಲ, ಆದ್ರೆ 20ನೇ ತಾರೀಕು ದಾಟ್ತಿದ್ದಂಗೆ ಎದೆ ಢವಢವ ಅನ್ನುತ್ತೆ. ನಾವೇನು ದುಂದು ಮಾಡೋರಲ್ಲ. ಹೊರಗಡೆ ತಿನ್ನೋದು ನಿಲ್ಸಿದೀವಿ, ಹೊಸ ಬಟ್ಟೆ ತಗೊಂಡಿಲ್ಲ, ರೂಮಿಂದ ಆಚೆ ಬಂದ್ರೆ ಲೈಟ್ ಆಫ್ ಮಾಡಿ ಅಂತ ಮಕ್ಳಿಗೆ ದಿನಾ ಹೇಳಿ ಹೇಳಿ ಬಾಯಿ ನೋಯ್ತಾ ಇದೆ, ಆದ್ರೂ ಕರೆಂಟ್ ಬಿಲ್ಲಲ್ಲಿ ಹೇಳ್ಕೊಳೋ ಅಷ್ಟು ವ್ಯತ್ಯಾಸ ಕಾಣ್ತಿಲ್ಲ. ಮೊನ್ನೆ ಚಿಕ್ಕವ್ನು "ಅಮ್ಮ, ಫ್ಯಾನ್ ಹಾಕ್ಕೊಳ್ಳಾ?" ಅಂತ ಕೇಳ್ದ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಮಕ್ಳಿಗೆ ಕೊರತೆ ಅನ್ನಿಸದ ಹಾಗೆ, ದುಡ್ಡು ಹಾಕಿ ಹೊಸದೇನೂ ತರದೆ, ಮನೆ ಒಳಗೇ ಏನೇನು ಮಾಡ್ಬಹುದು? ನೀವು ಮಾಡಿ ನೋಡಿರೋದನ್ನ ಹೇಳಿ ಪ್ಲೀಸ್.

ತಂತಿಕೆಲ್ಸ:
ಮೇಡಂ, ಮೊದ್ಲು ಆ ಮಗುಗೆ ಫ್ಯಾನ್ ಹಾಕ್ಕೊಡಿ. ನಾನು ವೈರಿಂಗ್ ಕೆಲ್ಸ ಮಾಡೋನು, ಹತ್ತಾರು ವರ್ಷದಿಂದ ಮನೆ ಮನೆ ನೋಡಿದೀನಿ, ಎಲ್ರೂ ಹಿಡ್ಕೊಳೋದು ಲೈಟು ಫ್ಯಾನನ್ನೇ, ಯಾಕಂದ್ರೆ ಅದು ಕಣ್ಣಿಗೆ ಕಾಣುತ್ತೆ. ನಿಜವಾಗಿ ಕರೆಂಟ್ ನುಂಗೋದು ಬಿಸಿ ಮಾಡೋ ಸಾಮಾನು, ತಣ್ಣಗೆ ಮಾಡೋ ಸಾಮಾನು. ಲೆಕ್ಕ ನೋಡಿ. ಒಂದು ಯೂನಿಟ್ ಅಂದ್ರೆ 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡೋದು. 15 ಲೀಟರ್ ನೀರನ್ನ 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯ್ಸೋಕೆ ಹತ್ರ ಹತ್ರ ಅರ್ಧ ಯೂನಿಟ್ ಬೇಕು. ಅದೇ ಅರ್ಧ ಯೂನಿಟ್ಟಲ್ಲಿ 9 ವ್ಯಾಟಿನ ಎಲ್ಇಡಿ ಬಲ್ಬು ಹಗಲು ರಾತ್ರಿ ಸೇರಿ ಎರಡು ದಿನಕ್ಕೂ ಮೀರಿ ಉರಿಯುತ್ತೆ. 75 ವ್ಯಾಟಿನ ಮಾಮೂಲಿ ಫ್ಯಾನು ರಾತ್ರಿ 8 ಗಂಟೆ ತಿರುಗಿದ್ರೆ 0.6 ಯೂನಿಟ್, ಅಂದ್ರೆ ಇಡೀ ರಾತ್ರಿ ಮಗು ನೆಮ್ಮದಿಯಾಗಿ ಮಲ್ಗೋದೂ ಒಬ್ರು ಸ್ನಾನಕ್ಕೆ ನೀರು ಕಾಯ್ಸೋದೂ ಹೆಚ್ಚು ಕಮ್ಮಿ ಒಂದೇ.

ಹಾಗಾಗಿ ಗೀಜರ್ ಇದ್ರೆ ಅದನ್ನ ಮೊದ್ಲು ನೋಡಿ. ಸ್ನಾನಕ್ಕೆ 15-20 ನಿಮಿಷ ಮುಂಚೆ ಹಾಕಿ, ಒಬ್ರಾದ್ಮೇಲೆ ಒಬ್ರು ಬೇಗ ಬೇಗ ಮುಗ್ಸಿ, ಆಫ್ ಮಾಡಿ. ಇಡೀ ದಿನ ಆನ್ ಬಿಟ್ರೆ ಯಾರೂ ನೀರು ಮುಟ್ಟದಿದ್ರೂ ಅದು ತಣ್ಣಗಾದಾಗೆಲ್ಲ ಮತ್ತೆ ಕಾಯ್ತಾನೇ ಇರುತ್ತೆ. ಟೆಂಪರೇಚರ್ ತಿರುಗಿಸೋ ಗುಂಡಿ ಇದ್ರೆ ಪೂರ್ತಿ ಮೇಲಕ್ಕೆ ಇಡ್ಬೇಡಿ, ಸುಡೋ ಅಷ್ಟು ಕಾಯ್ಸಿ ಆಮೇಲೆ ತಣ್ಣೀರು ಬೆರೆಸ್ಕೊಂಡು ಏನುಪಯೋಗ.

ಇನ್ನೊಂದು, ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ನಿಮ್ಮ ಕರೆಂಟ್ ಮೀಟರಲ್ಲಿ ಒಂದು ಸಣ್ಣ ಕೆಂಪು ಲೈಟು ಮಿಣುಕ್ತಾ ಇರುತ್ತೆ ನೋಡಿ, ಅದರ ಪಕ್ಕ 3200 ಅಥವಾ 1600 ಇಂಪಲ್ಸ್ ಅಂತ ಬರ್ದಿರುತ್ತೆ, ಅಂದ್ರೆ ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಮನೇಲಿ ಲೈಟು ಫ್ಯಾನು ಎಲ್ಲಾ ಆಫ್ ಮಾಡಿ, ಟಿವಿ ಕಂಪ್ಯೂಟರ್ ಥರದ್ದು ಮಾತ್ರ ದಿನಾ ಹೇಗೆ ಆಫ್ ಮಾಡ್ತೀರೋ ಹಾಗೇ ಮಾಡಿ, ಗೋಡೆ ಸ್ವಿಚ್ ಮುಟ್ಬೇಡಿ, ಫ್ರಿಜ್ಜೂ ಹತ್ತು ನಿಮಿಷ ಆಫ್ ಇರ್ಲಿ, ಆಮೇಲೆ ಮೀಟರ್ ಮುಂದೆ ನಿಂತು ಎಷ್ಟು ಸೆಕೆಂಡಿಗೆ ಒಂದ್ಸಲ ಮಿಣುಕುತ್ತೆ ಅಂತ ಫೋನಲ್ಲಿ ನೋಡ್ಕೊಳಿ. 3200ರ ಮೀಟರಲ್ಲಿ 11 ಸೆಕೆಂಡಿಗೆ ಒಂದ್ಸಲ ಅಂದ್ರೆ ಸುಮಾರು 100 ವ್ಯಾಟ್ ಎಲ್ಲೋ ಹೋಗ್ತಿದೆ ಅಂತ ಅರ್ಥ. ಟಿವಿ ಸೆಟ್ ಟಾಪ್ ಬಾಕ್ಸು, ಕಂಪ್ಯೂಟರ್ರು, ಸ್ಪೀಕರ್ರು ಇವೆಲ್ಲ ರಿಮೋಟಲ್ಲಿ ಆಫ್ ಮಾಡಿದ್ರೂ ಕುಡೀತಾನೇ ಇರ್ತಾವೆ, ಕೆಲವು ಸೆಟ್ ಟಾಪ್ ಬಾಕ್ಸ್ ಅಂತೂ ಆನ್ ಇದ್ದಾಗ ಎಷ್ಟೋ ಆಫ್ ಇದ್ದಾಗ್ಲೂ ಬಹುಪಾಲು ಅಷ್ಟೇ. ಗೋಡೆ ಸ್ವಿಚ್ಚಲ್ಲೇ ಆಫ್ ಮಾಡ್ಬೇಕು.

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಸಿಕ್ಸಿ ಬಾಗಿಲು ಹಾಕಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದ್ರೆ ರಬ್ಬರ್ ಬಿಗಿ ಇಲ್ಲ, ತಣ್ಣನೆ ಗಾಳಿ ಆಚೆ ಹೋಗ್ತಿದೆ ಅಂತ. ಫ್ರೀಜರಲ್ಲಿ ಐಸ್ ದಪ್ಪಗೆ ಕಟ್ಟಿದ್ರೆ ಕರಗಿಸಿ ತೆಗೀರಿ, ಹಿಂದೆ ಗೋಡೆಗೆ ನಾಲ್ಕು ಬೆರಳಾದ್ರೂ ಜಾಗ ಬಿಡಿ.

ಸೌಟುಹಿಡಿದವಳು:
ಅಕ್ಕ ನಿಮ್ ಪೋಸ್ಟ್ ಓದಿ ನನ್ನ ಕಷ್ಟದ ದಿನ ನೆನಪಾಯ್ತು. ಕರೆಂಟ್ ವಿಷ್ಯ ಮೇಲೆ ಹೇಳಿದಾರೆ, ನಾನು ಅಡುಗೆಮನೆ ಬಗ್ಗೆ ಮಾತ್ರ ಹೇಳ್ತೀನಿ. ನಾವೂ ಆವಾಗ ಕಮ್ಮಿ ರೇಟಿಂದು ಹುಡುಕಿ ಹುಡುಕಿ ತರ್ತಿದ್ವಿ, ಆದ್ರೂ ದುಡ್ಡು ಸಾಲ್ತಿರ್ಲಿಲ್ಲ. ಒಂದಿನ ಸುಮ್ನೆ ಒಂದು ಹಳೇ ನೋಟ್‌ಬುಕ್ಕು ಕಸದ ಬುಟ್ಟಿ ಪಕ್ಕ ಮೊಳೆಗೆ ನೇತುಹಾಕಿ, ಏನೇನು ಎಸೀತೀವೋ ಅದನ್ನೆಲ್ಲ ಬರ್ಯೋಕೆ ಶುರು ಮಾಡ್ದೆ. ಅರ್ಧ ಕಟ್ಟು ಸೊಪ್ಪು, ಕೊಳೆತಿತ್ತು. ಹಾಲು ಒಂದು ಲೋಟ, ಒಡೆದಿತ್ತು. ಬ್ರೆಡ್ ನಾಲ್ಕು ಸ್ಲೈಸು, ಬೂಷ್ಟು ಹಿಡಿದಿತ್ತು. ನಿನ್ನೇದು ಅನ್ನ ಒಂದು ಬಟ್ಟಲು. ಹದಿನೈದು ದಿನಕ್ಕೆ ಎರಡು ಪೇಜ್ ತುಂಬ್ತು, ನೋಡಿ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಕಮ್ಮಿಗೆ ಸಿಗುತ್ತೆ ಅಂತ ಜಾಸ್ತಿ ತರ್ತಿದ್ದೆ, ಜಾಸ್ತಿ ಆಗಿದ್ದು ಬುಟ್ಟಿಗೆ ಹೋಗ್ತಿತ್ತು. ಅಲ್ಲಿಂದಾಚೆ ಅಂಗಡಿಗೆ ಹೋಗೋಕ್ ಮುಂಚೆ ಫ್ರಿಜ್ ತೆಗೆದು ಒಂದು ಫೋಟೋ ಹೊಡ್ಕೊಂಡು ಹೋಗ್ತೀನಿ, ಮನೇಲಿ ಇರೋದನ್ನೇ ಮತ್ತೆ ತರೋದು ನಿಂತೋಯ್ತು. ಹಳೇದು ಮುಂದೆ, ಹೊಸದು ಹಿಂದೆ ಇಡ್ತೀನಿ.

ಸೊಪ್ಪು ತಂದ ತಕ್ಷಣ ತೊಳೀಬೇಡಿ, ತೊಳೆದ್ರೆ ನೀರು ಪೂರ್ತಿ ಆರೋವರ್ಗೂ ಹರಡಿ, ಆಮೇಲೆ ಒಣ ಬಟ್ಟೇಲಿ ಸುತ್ತಿ ಫ್ರಿಜ್ಜಲ್ಲಿಡಿ, ಒದ್ದೆ ಇದ್ರೇನೇ ಕೊಳೆಯೋದು. ಬಾಳೆಹಣ್ಣು ಸೇಬು ಎಲ್ಲಾ ಬೇರೆ ತರಕಾರಿ ಜೊತೆ ಒಂದೇ ಬುಟ್ಟೀಲಿ ಬೇಡ, ಅವು ಬಿಡೋ ಎಥಿಲೀನ್ ಗ್ಯಾಸಿಗೆ ಪಕ್ಕದ್ದೂ ಬೇಗ ಹಣ್ಣಾಗಿ ಕೆಡುತ್ತೆ. ಈರುಳ್ಳಿ ಆಲೂಗಡ್ಡೇನೂ ಬೇರೆ ಬೇರೆ ಇಡಿ. ಬ್ರೆಡ್ ಉಳಿಯುತ್ತೆ ಅಂತ ಗೊತ್ತಿದ್ರೆ ಅವತ್ತೇ ಫ್ರೀಜರಿಗೆ ಹಾಕಿ.

ಗ್ಯಾಸ್ ವಿಷ್ಯದಲ್ಲಿ, ಕಾಳು ಹಿಂದಿನ ರಾತ್ರೀನೇ ನೆನೆಹಾಕಿ. ನೀರು ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ, ಎಷ್ಟು ಜೋರಾಗಿ ಉರ್ಸಿದ್ರೂ ತೆರೆದ ಪಾತ್ರೇಲಿ ನೀರು 100 ಡಿಗ್ರಿ ದಾಟಲ್ಲ, ಬರೀ ಆವಿ ಆಗಿ ಹೋಗುತ್ತೆ. ಅದೇ ಕುಕ್ಕರಲ್ಲಿ ಒತ್ತಡಕ್ಕೆ 120 ಡಿಗ್ರಿ ಹತ್ರ ಹೋಗುತ್ತೆ, ಅದಕ್ಕೇ ಬೇಗ ಬೇಯೋದು. ಕೂಗಿದ ಮೇಲೆ ಅಲ್ಲೂ ಸಣ್ಣ ಉರಿ ಸಾಕು. ಉರಿ ಪಾತ್ರೆ ತಳ ದಾಟಿ ಪಕ್ಕಕ್ಕೆ ಬರ್ತಿದ್ರೆ ಅಷ್ಟೂ ದಂಡ. ಉರಿ ನೀಲಿ ಇರ್ಬೇಕು, ಹಳದಿ ಬರ್ತಿದ್ರೆ ಬರ್ನರ್ ತೂತು ಕಟ್ಟಿದೆ ಅಂತ, ತೆಗೆದು ಪಿನ್ನಲ್ಲಿ ಬಿಡ್ಸಿ ತೊಳೀರಿ.

ಬಿಂದಿಗೆ:
ನಲ್ಲಿ ನೋಡಿ ಫ್ರೆಂಡ್ಸ್. ನಮ್ಮನೇಲಿ ಬಚ್ಚಲ ನಲ್ಲಿ ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ತಿತ್ತು, ಅಷ್ಟೇ ತಾನೆ ಅಂತ ಬಿಟ್ಟಿದ್ವಿ. ಒಂದಿನ ಕೆಳಗಡೆ ಅಳತೆ ಲೋಟ ಇಟ್ಟೆ, 10 ನಿಮಿಷಕ್ಕೆ 150 ಎಂಎಲ್. ದಿನಕ್ಕೆ 21 ಲೀಟರ್ ದಾಟ್ತು, ತಿಂಗ್ಳಿಗೆ 600 ಲೀಟರಿಗೂ ಜಾಸ್ತಿ. ಹಾಳಾಗಿದ್ದು ಒಂದು ಪುಟಾಣಿ ವಾಷರ್. ಕಮೋಡ್ ಫ್ಲಶ್ ಟ್ಯಾಂಕಲ್ಲೂ ಸದ್ದೇ ಇಲ್ದೆ ಸೋರ್ತಿರುತ್ತೆ, ಟ್ಯಾಂಕಿಗೆ ಅಡುಗೆ ಬಣ್ಣ ಸ್ವಲ್ಪ ಹಾಕಿ 15-20 ನಿಮಿಷ ಫ್ಲಶ್ ಮಾಡ್ಬೇಡಿ, ಕೆಳಗೆ ಬಣ್ಣ ಇಳಿದ್ರೆ ಸೋರ್ತಿದೆ ಅಂತ. ಮತ್ತೆ ಕ್ಲೀನಿಂಗ್ ಲಿಕ್ವಿಡ್ ತರೋದೇ ಬೇಡ, ವಿನೆಗರ್ರು ಅಡುಗೆ ಸೋಡಾ ಎರಡೂ ಮಿಕ್ಸ್ ಮಾಡಿ ಬಾಟಲಲ್ಲಿ ತುಂಬಿಟ್ಕೊಳಿ, ಎಲ್ಲಾದಕ್ಕೂ ಆಗುತ್ತೆ.

ಒಗೆತ:
ಬಿಂದಿಗೆ ಅವ್ರೆ, ನಲ್ಲಿ ಲೆಕ್ಕ ತುಂಬಾ ಚೆನ್ನಾಗಿದೆ, ಆದ್ರೆ ಆ ಮಿಕ್ಸ್ ಬೇಡ. ವಿನೆಗರ್ ಆಮ್ಲ, ಸೋಡಾ ಕ್ಷಾರ, ಸೇರಿದಾಗ ನೊರೆ ಬರೋದು ನೋಡಿ ಏನೋ ಕೆಲ್ಸ ಮಾಡ್ತಿದೆ ಅನ್ಸುತ್ತೆ, ನೊರೆ ನಿಂತ್ಮೇಲೆ ಬಾಟಲಲ್ಲಿ ಉಳಿಯೋದು ಬಹುಪಾಲು ನೀರು, ಎರಡೂ ವೇಸ್ಟ್. ಮುಚ್ಚಿಟ್ರೆ ಗ್ಯಾಸಿಗೆ ಬಾಟಲ್ ಸಿಡಿಯೋದೂ ಉಂಟು. ಬೇರೆ ಬೇರೆ ಬಳಸಿ. ನಲ್ಲಿ ಶವರ್ ಮೇಲೆ ಬೆಳ್ಳಗೆ ಉಪ್ಪುನೀರಿನ ಕಲೆ ಕಟ್ಟಿರುತ್ತಲ್ಲ, ಅದಕ್ಕೆ ವಿನೆಗರಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ರೆ ಬಿಡುತ್ತೆ, ಆದ್ರೆ ಮಾರ್ಬಲ್ ಮೇಲೆ ಮಾತ್ರ ಹಾಕ್ಬೇಡಿ, ಹೊಳಪು ಹೋಗುತ್ತೆ. ಜಿಡ್ಡು ಸೀದಿರೋದು ಉಜ್ಜೋಕೆ ಸೋಡಾ. ದಯವಿಟ್ಟು ಇದೊಂದು ನೆನಪಿಡಿ, ಬ್ಲೀಚ್ ಜೊತೆ ವಿನೆಗರ್ ಯಾವತ್ತೂ ಸೇರಿಸ್ಬಾರ್ದು, ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ಅಮೋನಿಯಾ ಇರೋ ಕ್ಲೀನರ್ ಜೊತೇನೂ ಬ್ಲೀಚ್ ಬೇಡ.

ಬಟ್ಟೆ ತಣ್ಣೀರಲ್ಲೇ ಒಗೀರಿ, ಬಿಸಿನೀರಿನ ವಾಷಲ್ಲಿ ಮೆಷಿನ್ ಉಪಯೋಗ್ಸೋ ಕರೆಂಟಲ್ಲಿ ಬಹುಪಾಲು ನೀರು ಕಾಯ್ಸೋಕೇ ಹೋಗೋದು. ಪೌಡರ್ ಜಾಸ್ತಿ ಹಾಕಿದ್ರೆ ಜಾಸ್ತಿ ಕ್ಲೀನ್ ಆಗಲ್ಲ, ಬಟ್ಟೇಲೇ ಕೂತು ಇನ್ನೊಂದ್ಸಲ ಜಾಲಿಸ್ಬೇಕಾಗುತ್ತೆ.

ಹೊಸಫ್ಯಾನ್:
ನಾವು ಎಲ್ಲಾ ಫ್ಯಾನ್ ಬಿಎಲ್‌ಡಿಸಿಗೆ (ಕಮ್ಮಿ ಕರೆಂಟಲ್ಲಿ ತಿರುಗೋ ಬೇರೆ ಥರದ ಮೋಟಾರಿಂದು) ಬದಲಾಯಿಸಿದ್ವಿ, ಅರ್ಧಕ್ಕಿಂತ ಕಮ್ಮಿ ಕರೆಂಟ್, 30 ವ್ಯಾಟ್ ಅಷ್ಟೇ. ಮೇಡಂ ಇದನ್ನೇ ಮೊದ್ಲು ಮಾಡಿ.

ತಂತಿಕೆಲ್ಸ:
ಫ್ಯಾನ್ ಒಳ್ಳೇದೇ ಸರ್, ನಾನೂ ಹಾಕ್ತೀನಿ. ಆದ್ರೆ ಅವ್ರು ಕೈಯಿಂದ ದುಡ್ಡು ಹಾಕ್ದೆ ಅಂತ ಕೇಳಿದಾರೆ. ದಿನಕ್ಕೆ 12 ಗಂಟೆ ತಿರುಗೋ ಫ್ಯಾನ್ ಆದ್ರೆ 75ರಿಂದ 30 ವ್ಯಾಟಿಗೆ ಇಳಿದಾಗ ತಿಂಗ್ಳಿಗೆ 16 ಯೂನಿಟ್ ಉಳಿಯುತ್ತೆ, ಅದನ್ನ ನಿಮ್ ಯೂನಿಟ್ ರೇಟಿಂದ ಗುಣಿಸಿ, ಫ್ಯಾನ್ ದುಡ್ಡು ಎಷ್ಟು ತಿಂಗ್ಳಿಗೆ ವಾಪಸ್ ಬರುತ್ತೆ ನೋಡಿ. ಗೆಸ್ಟ್ ರೂಮಲ್ಲಿ ಅಪರೂಪಕ್ಕೆ ತಿರುಗೋದಕ್ಕೆ ಹಾಕಿದ್ರೆ ಆ ದುಡ್ಡು ವಾಪಸ್ ಬರೋದು ಯಾವ ಕಾಲಕ್ಕೋ. ಹಳೇದು ಕೆಟ್ಟಾಗ ಹೊಸದು ಇಂಥದ್ದು ತಗೊಳೋದು ಸರಿ.

ಮನೆಲೆಕ್ಕ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಮಕ್ಳನ್ನೂ ಕರ್ಕೊಂಡು ಮೀಟರ್ ಮುಂದೆ ನಿಂತೆ. ಎಲ್ಲಾ ಆಫ್ ಮಾಡಿದ್ರೂ 20 ಸೆಕೆಂಡಿಗೆ ಒಂದ್ಸಲ ಮಿಣುಕ್ತಿತ್ತು, ನಮ್ದೂ 3200ರ ಮೀಟರ್ರೇ, ದೊಡ್ಡವಳು ಲೆಕ್ಕ ಹಾಕಿ 56 ವ್ಯಾಟ್ ಅಮ್ಮ, ತಿಂಗ್ಳಿಗೆ 40 ಯೂನಿಟ್ ಅಂದ್ಳು. ನಾನು ಒಂದೊಂದೇ ಪ್ಲಗ್ ಕೀಳ್ತಾ ಬಂದೆ, ಚಿಕ್ಕವ್ನು ಹೊರಗಡೆಯಿಂದ "ಮಿಣುಕ್ತು, ಮಿಣುಕ್ತು" ಅಂತ ಕೂಗ್ತಿದ್ದ. ಸೆಟ್ ಟಾಪ್ ಬಾಕ್ಸ್ ಕಿತ್ತಾಗ ನಿಧಾನ ಆಯ್ತು, ಕಂಪ್ಯೂಟರ್ ಟೇಬಲ್ ಕೆಳಗಿನ ಎಕ್ಸ್‌ಟೆನ್ಷನ್ ಕಿತ್ತಾಗ ಒಂದು ನಿಮಿಷದ ಮೇಲೆ ಒಂದ್ಸಲ. ಸ್ಪೀಕರ್, ಪ್ರಿಂಟರ್, ಮಾನಿಟರ್ ಎಲ್ಲಾ ಅದಕ್ಕೇ ಸಿಕ್ಸಿದ್ವಿ, ಪ್ರಿಂಟರ್ ಉಪಯೋಗ್ಸಿ ಎಷ್ಟೋ ದಿನ ಆಗಿತ್ತು. ಉಳಿದಿದ್ದು ವೈಫೈ ಮತ್ತೆ ಇನ್ನೇನೋ ಚಿಕ್ಕದು. ಈಗ ರಾತ್ರಿ ಆ ಸ್ವಿಚ್ ಆಫ್ ಮಾಡೋದು ಚಿಕ್ಕವ್ನ ಕೆಲ್ಸ, ಅವ್ನ ಫ್ಯಾನ್ ಮಾತ್ರ ಬೆಳಗಿನವರ್ಗೂ ತಿರುಗುತ್ತೆ. ಕಸದ ಬುಟ್ಟಿ ಪಕ್ಕ ನೋಟ್‌ಬುಕ್ಕೂ ನೇತುಹಾಕಿದೀನಿ, ಇವತ್ತಿಗೆ ನಾಲ್ಕು ದಿನ.

ಒಂದು ಡೌಟು ತಂತಿಕೆಲ್ಸ ಅವ್ರೆ, ಫ್ರಿಜ್ ಬಾಗಿಲಲ್ಲಿ ಮೂರು ಕಡೆ ಚೀಟಿ ಬಿಗಿಯಾಗಿ ಹಿಡ್ಕೊಳುತ್ತೆ, ಕೆಳಗಡೆ ಮೂಲೇಲಿ ಮಾತ್ರ ಸರ್ರಂತ ಜಾರುತ್ತೆ. ಬಾಗಿಲೇ ಬದಲಾಯಿಸ್ಬೇಕಾ?

ತಂತಿಕೆಲ್ಸ:
ಬೇಡ ಬೇಡ. ಮೊದ್ಲು ಆ ಮೂಲೆ ಸೋಪು ನೀರಲ್ಲಿ ಒರೆಸಿ, ಮಡಿಕೆ ಒಳಗೆ ಜಿಡ್ಡು ಕೂತಿದ್ರೂ ಹಿಂಗಾಗುತ್ತೆ. ಆಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಆ ಜಾಗಕ್ಕೆ ಒಂದೈದು ನಿಮಿಷ ಒತ್ತಿ ಹಿಡೀರಿ, ರಬ್ಬರ್ ಮೆತ್ತಗಾದಾಗ ಬೆರಳಲ್ಲಿ ಹೊರಗಡೆಗೆ ಎಳೆದು ಆಕಾರ ಸರಿ ಮಾಡಿ ಬಾಗಿಲು ಹಾಕಿ ಬಿಡಿ. ನಾಳೆ ಮತ್ತೆ ಚೀಟಿ ಇಟ್ಟು ನೋಡಿ. ಆಗ್ಲೂ ಜಾರಿದ್ರೆ ರಬ್ಬರ್ ಒಂದೇ ಬೇರೆ ಹಾಕಿಸ್ಬಹುದು, ಫ್ರಿಜ್ ಒಳಗಡೆ ಅಂಟಿಸಿರೋ ಮಾಡೆಲ್ ನಂಬರ್ ಬರ್ಕೊಂಡು ಹೋಗಿ ಕೇಳಿ.